ಕಾಲಿನಿಂದ ಕಾಲಿಗೆ: ಶಿಕಾರಿಪುರ–ಸೊರಬ ಸೀಮೆಯಿಂದ ಕಂಡ ಕಾಲ್ಚೆಂಡಿನ ಕಲಿಕೆ

ಫುಟ್‌ಬಾಲ್ ಆಟದಲ್ಲಿ ಚೆಂಡನ್ನು ಜೊತೆಗಾರನಿಗೆ ದಾಟಿಸುವುದನ್ನು ಪಾಸ್ ಎಂದೂ ತನ್ನೆಡೆಗೆ ಬಂದ ಚೆಂಡನ್ನು ಕಾಲಿನ ಅಂಕೆಗೆ ತಂದುಕೊಳ್ಳುವುದನ್ನು ರಿಸೀವಿಂಗ್ ಅಥವಾ ಟ್ರ್ಯಾಪಿಂಗ್ ಎಂದೂ ಕರೆಯುವ ರೂಢಿಯಿದ್ದು, ಗೋಲಿನಷ್ಟು ನೋಡುಗರ ಕಣ್ಣಿಗೆ ಬೀಳದ ಈ ಎರಡು ಕೆಲಸಗಳೇ ಆಟದ ಹೆಚ್ಚಿನ ಹೊತ್ತನ್ನು ತುಂಬಿಕೊಂಡಿರುತ್ತವೆ. ಓಟದ ವೇಗವೂ ಮೈಯ ಕಸುವೂ ಹುಟ್ಟಿನಿಂದ ಬರಬಹುದು; ಚೆಂಡನ್ನು ಕೊಡುವ ಮತ್ತು ಬರಮಾಡಿಕೊಳ್ಳುವ ವಿದ್ಯೆ ಮಾತ್ರ ಕಲಿಸುವವನಿಲ್ಲದೆ, ಎದುರಿಗೆ ನಿಂತು ಚೆಂಡು ಪಡೆಯುವ ಜೊತೆಗಾರನಿಲ್ಲದೆ, ವರ್ಷಗಟ್ಟಲೆ ಒಂದೇ ಕಡೆ ಸೇರುವ ಬಯಲಿಲ್ಲದೆ ಕೈಗೂಡುವುದಿಲ್ಲ. ಆದ್ದರಿಂದ ಈ ವಿದ್ಯೆಯ ಚರಿತ್ರೆಯನ್ನು ಬರೆಯುವುದೆಂದರೆ ದೊಡ್ಡ ಪಂದ್ಯಗಳ ಗೆಲುವು ಸೋಲುಗಳನ್ನು ಪಟ್ಟಿಮಾಡುವುದಕ್ಕಿಂತ ಹೆಚ್ಚಾಗಿ, ಅದನ್ನು ಕಲಿಸಲು ಅನುಕೂಲವಿದ್ದ ಊರುಗಳು ಯಾವುವು, ಆ ಅನುಕೂಲ ತಲುಪದೆ ಹೋದ ಊರುಗಳು ಯಾವುವು ಎಂಬುದನ್ನು ವಿಚಾರಿಸುವುದೇ ಆಗುತ್ತದೆ. ಶಿವಮೊಗ್ಗ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಎಡೆಯಲ್ಲಿರುವ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಇಂಥ ವಿಚಾರಣೆಗೆ ತಕ್ಕ ಸ್ಥಳಗಳು. ಏಕೆಂದರೆ ಕಲಿಸುವ ಕೆಲಸದಲ್ಲಿ ನಾಡಿನ ಅತ್ಯಂತ ಹಳೆಯ ದಾಖಲೆಗಳನ್ನು ಇಟ್ಟುಕೊಂಡಿರುವ ಈ ಸೀಮೆಗೆ ಹೊಸ ಕಾಲದ ಈ ಆಟ ಬಹಳ ತಡವಾಗಿ, ಅದೂ ಬಹಳ ತೆಳುವಾಗಿ ಬಂದು ಮುಟ್ಟಿತು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿನ ಕಂಬದ ಮೇಲೆ ಕವಿ ಕುಬ್ಜನು ರಚಿಸಿದ ಸಂಸ್ಕೃತ ಶಾಸನವು, ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ, ಎಂದರೆ ಉನ್ನತ ವಿದ್ಯೆಯ ಕೇಂದ್ರಕ್ಕೆ, ಓದಲು ಹೋದ ಸಂಗತಿಯನ್ನು ತಿಳಿಸುತ್ತದೆ. ಅದೇ ತಾಳಗುಂದದ ಅಗ್ರಹಾರದಲ್ಲಿ 12ನೆಯ ಶತಮಾನದ ಹೊತ್ತಿಗೆ ವೇದ ವೇದಾಂತಗಳ ಜೊತೆಗೆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವುದಕ್ಕೂ ದತ್ತಿಯ ಏರ್ಪಾಡಿತ್ತು. ಅಲ್ಲಿಂದ ಕೆಲವೇ ಹರದಾರಿ ದೂರದ ಬಳ್ಳಿಗಾವಿಯ ಕೋಡಿಯಮಠವನ್ನು ಕುರಿತ 1162ರ ಶಾಸನವಂತೂ ನಾಲ್ಕು ವೇದಗಳು, ಪಾಣಿನೀಯ ಮತ್ತು ಶಾಕಟಾಯನ ವ್ಯಾಕರಣಗಳು, ಲಾಕುಲಸಿದ್ಧಾಂತ, ಪಾತಂಜಲ ಯೋಗ, ಪುರಾಣ, ಕಾವ್ಯ, ನಾಟಕಗಳೆಲ್ಲವನ್ನೂ ಬೋಧಿಸುತ್ತಿದ್ದ ಜಾಗವೆಂದು ಆ ಮಠವನ್ನು ಬಣ್ಣಿಸಿ, ಕುರುಡರಿಗೂ ಕುಂಟರಿಗೂ ಕಿವುಡರಿಗೂ ಅಲ್ಲಿ ಅನ್ನ ಸಿಗುತ್ತಿತ್ತೆಂದೂ ರೋಗಿಗಳಿಗೆ ಔಷಧ ದೊರೆಯುತ್ತಿತ್ತೆಂದೂ ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ನರ್ತಿಸುವವರಿಗೆ ಆಶ್ರಯವಿತ್ತೆಂದೂ ಹೇಳುತ್ತದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶಿವಮೊಗ್ಗ ಸಂಪುಟಗಳಲ್ಲಿ ಅಚ್ಚಾಗಿರುವ ಈ ಬಗೆಯ ಶಾಸನಗಳನ್ನು ಓದಿದಾಗ ಎದ್ದು ಕಾಣುವ ಅಂಶವೆಂದರೆ, ಕಲಿಸುವುದಕ್ಕೆ ಬೇಕಾದ ಖರ್ಚನ್ನು ಆಗಿನವರು ಹೆಸರಿಟ್ಟು ಲೆಕ್ಕ ಹಾಕಿ ಭೂಮಿಯ ರೂಪದಲ್ಲಿ ಕಾಯಂ ಮಾಡಿಟ್ಟಿದ್ದರು. ವಿದ್ಯೆಯು ಒಬ್ಬ ಗುರುವಿನ ಆಯುಷ್ಯದೊಡನೆ ಮುಗಿದುಹೋಗಬಾರದೆಂಬ ಎಚ್ಚರ ಅದರ ಹಿಂದಿತ್ತು, ಮತ್ತು ಮುಂದೆ ಈ ಸೀಮೆಯ ಆಟದ ಬಯಲುಗಳಿಗೆ ದೊರೆಯದೆ ಹೋದದ್ದು ಇದೇ ಎಚ್ಚರ.

ಬಳ್ಳಿಗಾವಿಯು ಬನವಾಸಿ ಪನ್ನಿರ್ಛಾಸಿರದ, ಎಂದರೆ ಹನ್ನೆರಡು ಸಾವಿರ ಎಂಬ ಸಂಖ್ಯೆಯಿಂದ ಗುರುತಿಸಲಾಗುತ್ತಿದ್ದ ಪ್ರಾಂತದ, ರಾಜಧಾನಿಯಾಗಿದ್ದಾಗ ಅದನ್ನು ಆಳುತ್ತಿದ್ದವರು ಕಲ್ಯಾಣದ ಚಾಲುಕ್ಯರು. ಅವರಲ್ಲಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶವು, ಮೈಯ ವಿದ್ಯೆಗಳನ್ನು ಕ್ರಮವಾಗಿ ಕಲಿಸುವ ಬಗೆಯನ್ನು ವಿವರಿಸುವುದರಿಂದ ತರಬೇತಿಯ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಸ್ಥಾನ ಸಲ್ಲಬೇಕು. ಮಲ್ಲವಿನೋದದ ಪ್ರಕರಣದಲ್ಲಿ ಜಟ್ಟಿಗಳನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ದರ್ಜೆಗಳಾಗಿ ವಿಂಗಡಿಸಿ, ಅವರ ಊಟದ ಕ್ರಮವನ್ನು ಗೊತ್ತುಮಾಡಿ, ಸಾಧನೆಯನ್ನು ಭಾರ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ತೋಳಿನ ಸೆಣಸಾಟದ ಬಾಹುಪೆಲ್ಲಣಕ, ಕಂಬದ ಮೇಲಿನ ಸ್ತಂಭಶ್ರಮ ಎಂದು ಬೇರೆಬೇರೆಯಾಗಿ ಹೆಸರಿಸಲಾಗಿದೆ. ಇಡೀ ಕುಸ್ತಿಯನ್ನು ಒಮ್ಮೆಲೇ ಕಲಿಸಲು ಹೋಗದೆ, ಅದಕ್ಕೆ ಬೇಕಾದ ಒಂದೊಂದು ಶಕ್ತಿಯನ್ನೂ ಬಿಡಿಸಿ, ಬೇರೆಯಾಗಿ ಪಳಗಿಸಿ, ಕೊನೆಗೆ ಕೂಡಿಸುವ ಈ ಕ್ರಮವೇ ಇಂದಿನ ಯಾವ ತರಬೇತುದಾರನೂ ಅನುಸರಿಸುವ ಮೂಲ ತತ್ತ್ವ. ಅದೇ ಗ್ರಂಥದ ವಾಜಿವಾಹ್ಯಾಲಿವಿನೋದದಲ್ಲಿ ಇನ್ನೂ ಹತ್ತಿರದ ಸಂಗತಿಯಿದೆ: ಕುದುರೆಯೇರಿದ ಸವಾರರು ಎಂಟೆಂಟು ಜನರ ಎರಡು ಪಕ್ಷಗಳಾಗಿ ನಿಂತು, ಕೋಲಿನಿಂದ ಚೆಂಡನ್ನು ಹೊಡೆದು ಎದುರು ಪಕ್ಷದ ತೋರಣದೊಳಗೆ ದಾಟಿಸುವ ಆಟವನ್ನು ಅದು ವರ್ಣಿಸುತ್ತದೆ. ಎರಡು ಪಕ್ಷ, ಎರಡು ತೋರಣ, ನಡುವೆ ಒಂದು ಚೆಂಡು ಎಂಬ ಈ ಚೌಕಟ್ಟು ಕನ್ನಡ ನೆಲದ ಅರಸರಿಗೆ ಗೊತ್ತಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕೆಲವು ಶತಮಾನಗಳ ತರುವಾಯ ಸೊರಬದ ಚಂದ್ರಗುತ್ತಿಯ ಸೀಮೆಯನ್ನೂ ಆಳುತ್ತಿದ್ದ ಕೆಳದಿಯ ಬಸವಪ್ಪ ನಾಯಕನು 18ನೆಯ ಶತಮಾನದ ಆರಂಭದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೂ ‘ಮಾನಸೋಲ್ಲಾಸ’ದ ದಾರಿಯಲ್ಲೇ ಸಾಗಿದ ವಿಶ್ವಕೋಶವಾಗಿದೆ.

ಹೀಗಿದ್ದರೂ ಅರಮನೆಯ ಚೆಂಡಾಟದಿಂದ ಇಂದಿನ ಫುಟ್‌ಬಾಲಿಗೆ ನೇರ ವಂಶಾವಳಿ ಎಳೆಯುವುದು ಚರಿತ್ರೆಗೆ ಬಗೆದ ಅಪಚಾರವಾಗುತ್ತದೆ. ರಾಜರ ಆಟ ರಾಜರೊಡನೆ ಹೋಯಿತು. ಊರಿನಲ್ಲಿ ಉಳಿದದ್ದು ಗರಡಿಯ ಕುಸ್ತಿ, ದೀಪಾವಳಿಯ ತರುವಾಯ ಶಿಕಾರಿಪುರ ಸೊರಬಗಳ ಹಳ್ಳಿಹಳ್ಳಿಯಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬ, ಮತ್ತು ಮಕ್ಕಳ ಬೀದಿಯಾಟಗಳು. ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಹಿಡಿಯಲು ನುಗ್ಗುವ ಯುವಕನ ಸಾಹಸವೂ ಜಟ್ಟಿಯ ಪಟ್ಟೂ ಒಬ್ಬೊಬ್ಬನ ಮೈಕಟ್ಟು, ಕಣ್ಣಳತೆ, ಎದೆಗಾರಿಕೆಗಳನ್ನೇ ಮೆರೆಸುವಂಥವು. ಈ ಸೀಮೆಯ ಹೊಲ, ಕೆರೆ, ಗುಡಿಗಳ ಬಳಿ ಸಾಲಾಗಿ ನಿಂತಿರುವ ವೀರಗಲ್ಲುಗಳು ಸಾರುವುದೂ ತುರು ಕಾಯ್ದು ಮಡಿದ ಒಂಟಿ ವೀರನ ಕೀರ್ತಿಯನ್ನೇ. ಕೊಡು-ಕೊಳ್ಳುವ ಕೌಶಲ ಉಳಿದದ್ದು ಮಕ್ಕಳಾಟಗಳಲ್ಲಿ. ಒಂದರ ಮೇಲೊಂದು ಪೇರಿಸಿದ ಬಿಲ್ಲೆಗಳನ್ನು ಚೆಂಡಿನಿಂದ ಉರುಳಿಸಿ, ಎದುರಾಳಿಗಳ ಹೊಡೆತ ತಪ್ಪಿಸಿಕೊಂಡು ಮತ್ತೆ ಪೇರಿಸಬೇಕಾದ ಲಗೋರಿಯಲ್ಲಿ, ಚೆಂಡು ಹಿಡಿದವನು ಅದನ್ನು ಗುರಿಗೆ ಹತ್ತಿರವಿರುವ ತನ್ನವನಿಗೆ ತಕ್ಷಣ ಎಸೆದರೆ ಮಾತ್ರ ಫಲವುಂಟು. ಖೊಖೊದಲ್ಲಿ ಬೆನ್ನಟ್ಟುವ ಸರದಿಯನ್ನೇ ಒಬ್ಬನು ಇನ್ನೊಬ್ಬನಿಗೆ ದಾಟಿಸುತ್ತಾನೆ, ಮತ್ತು ಸರಿಯಾದ ಕ್ಷಣದಲ್ಲಿ ದಾಟಿಸದ ಬೆನ್ನಟ್ಟುಗಾರನ ವೇಗವೆಲ್ಲ ವ್ಯರ್ಥವಾಗುತ್ತದೆ. ಮುಂದೆ ಫುಟ್‌ಬಾಲ್ ಕಲಿಸಬೇಕಾದ ಮಾಸ್ತರರಿಗೆ ಈ ಆಟಗಳು ಸಿದ್ಧವಾಗಿ ದೊರೆತ ಅಡಿಪಾಯವಾಗಿದ್ದವು.

ಫುಟ್‌ಬಾಲ್ ತಾನು ಹುಟ್ಟಿದ ಇಂಗ್ಲೆಂಡಿನಲ್ಲಿಯೇ ಮೊದಲು ಪಾಸಿಂಗಿನ ಆಟವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1863ರಲ್ಲಿ ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ ರೂಪಿಸಿದ ಮೊದಲ ನಿಯಮಗಳ ಪ್ರಕಾರ ಚೆಂಡಿಗಿಂತ ಮುಂದಿರುವ ಆಟಗಾರ ಆಫ್‌ಸೈಡ್, ಎಂದರೆ ಆಟಕ್ಕೆ ಅನರ್ಹ, ಆಗುತ್ತಿದ್ದುದರಿಂದ ಚೆಂಡನ್ನು ಮುಂದಕ್ಕೆ ದಾಟಿಸುವುದಕ್ಕೆ ದಾರಿಯೇ ಇರಲಿಲ್ಲ; ಕಾಲಿಗೆ ಅಂಟಿಸಿಕೊಂಡಂತೆ ಚೆಂಡನ್ನು ಓಡಿಸುತ್ತ ಎದುರಾಳಿಗಳನ್ನು ದಾಟಿಹೋಗುವ ಡ್ರಿಬ್ಲಿಂಗ್ ಒಂದೇ ಆಗ ಆಟಗಾರನ ಹೆಗ್ಗಳಿಕೆ. 1866ರಲ್ಲಿ ನಿಯಮ ಸಡಿಲಗೊಂಡು, ಎದುರಾಳಿ ಗೋಲಿನ ಕಡೆಗೆ ಮೂವರು ಎದುರಾಳಿಗಳಿದ್ದರೆ ಮುಂದಿನವನಿಗೂ ಚೆಂಡು ಕೊಡಬಹುದೆಂದಾಯಿತು. 1872ರ ನವೆಂಬರ್ 30ರಂದು ಗ್ಲಾಸ್ಗೋ ನಗರದಲ್ಲಿ ನಡೆದ ಮೊದಲ ಅಧಿಕೃತ ಅಂತಾರಾಷ್ಟ್ರೀಯ ಪಂದ್ಯದಲ್ಲಿ, ಮೈಕಟ್ಟಿನಲ್ಲಿ ಹಗುರವಾಗಿದ್ದ ಸ್ಕಾಟ್ಲೆಂಡಿನವರು ಚೆಂಡನ್ನು ಪರಸ್ಪರ ದಾಟಿಸುತ್ತ ಇಂಗ್ಲೆಂಡನ್ನು ಗೋಲಿಲ್ಲದ ಸಮಬಲಕ್ಕೆ ತಡೆದು ನಿಲ್ಲಿಸಿದಾಗ, ಕೂಡಿ ಆಡುವ ಕ್ರಮದ ಬೆಲೆ ಎಲ್ಲರಿಗೂ ತಿಳಿಯಿತು. ಅದೇ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಈ ಕ್ರಮವನ್ನು ಬೆಳೆಸಿದ ತಂಡಗಳಲ್ಲಿ ಮುಖ್ಯವಾದದ್ದು ರಾಯಲ್ ಎಂಜಿನಿಯರ್ಸ್ ಎಂಬ ಸೇನಾ ಎಂಜಿನಿಯರರ ತಂಡ. 1875ರಲ್ಲಿ ಅದು ಎಫ್.ಎ. ಕಪ್ಪನ್ನೂ ಗೆದ್ದಿತು. ಕರ್ನಾಟಕದ ಓದುಗರಿಗೆ ಈ ತಂಡದ ಹೆಸರು ದೂರದ್ದಾಗಿ ಕಾಣಬೇಕಾಗಿಲ್ಲ: ಕಂಪನಿ ಸರ್ಕಾರದ ಎಂಜಿನಿಯರ್ ದಳಗಳು 1862ರಲ್ಲಿ ರಾಯಲ್ ಎಂಜಿನಿಯರ್ಸ್ ದಳದಲ್ಲಿ ವಿಲೀನವಾದ ಮೇಲೆ, ಬೆಂಗಳೂರಿನ ಹಲಸೂರಿನ ಬಳಿ ನೆಲೆಸಿದ್ದ ಮದ್ರಾಸ್ ಸ್ಯಾಪರ್ಸ್ ಸೈನಿಕರಿಗೆ ಅಧಿಕಾರಿಗಳಾಗಿ ಬರುತ್ತಿದ್ದವರು ಅದೇ ದಳದವರು.

1809ರಲ್ಲಿ ಸ್ಥಾಪನೆಯಾದ ಬೆಂಗಳೂರು ದಂಡು ಪ್ರದೇಶದ ಬಯಲುಗಳಲ್ಲಿ ಗೋರಾ ಪಲ್ಟನ್ನುಗಳು ಆಡುತ್ತಿದ್ದ ಆಟವನ್ನು ಸುತ್ತಲಿನ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್ ಮುಂತಾದ ಪೇಟೆಗಳ ಹುಡುಗರು ಬರಿಗಾಲಿನಲ್ಲಿ ಕಲಿತರು. ಬೂಟು ತೊಟ್ಟ ಸೈನಿಕರೊಡನೆ ಬರಿಗಾಲಿನವರು ಮೈಗೆ ಮೈ ಕೊಟ್ಟು ಸೆಣಸುವುದು ಆಗದ ಮಾತಾದ್ದರಿಂದ, ಚೆಂಡು ಕಾಲಿಗೆ ಬಂದ ಕೂಡಲೇ ಅದನ್ನು ಪಳಗಿಸಿ, ಎದುರಾಳಿ ಎರಗುವುದರೊಳಗೆ ಹತ್ತಿರದ ಜೊತೆಗಾರನಿಗೆ ನೆಲಮಟ್ಟದಲ್ಲಿ ದಾಟಿಸುವುದು ಅವರಿಗೆ ಆತ್ಮರಕ್ಷಣೆಯ ಉಪಾಯವೂ ಆಯಿತು. ಬೆಂಗಳೂರಿನ ಆಟಗಾರರ ಪಾಸಿಂಗ್ ಮತ್ತು ಚೆಂಡಿನ ಹಿಡಿತಕ್ಕೆ ಇಡೀ ದೇಶದಲ್ಲಿ ಹೆಸರು ಬಂದದ್ದಕ್ಕೆ ಈ ಅನಿವಾರ್ಯತೆಯೇ ಮುಖ್ಯ ಕಾರಣವೆಂದು ಎಣಿಸಬೇಕಾಗುತ್ತದೆ. 1891ರಲ್ಲಿ ಆರಂಭವಾಗಿ ದಶಕಗಳ ಕಾಲ ಬ್ರಿಟಿಷ್ ಪಲ್ಟನ್ನುಗಳ ಸೊತ್ತಾಗಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್; ಮರುವರ್ಷವೂ ಕಪ್ಪು ಅವರಲ್ಲಿಯೇ ಉಳಿಯಿತು. ಬೆಂಗಳೂರಿನಲ್ಲಿಯೇ ಬೆಳೆದ ಸಾರಂಗಪಾಣಿ ರಾಮನ್ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಹೊಡೆದ ಗೋಲು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲಾಯಿತು. ಅದೇ ಊರಿನ ಅಹ್ಮದ್ ಖಾನ್ ಮತ್ತು ಧನರಾಜ್ ಕೊಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವರು’ ಎಂದು ಹೆಸರಾದ ಐವರು ಮುಂಪಡೆ ಆಟಗಾರರಲ್ಲಿ ಇಬ್ಬರಾದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯಾ ಎದುರು ಭಾರತ 1–10ರಿಂದ ಸೋತ ಪಂದ್ಯದಲ್ಲಿ ಆ ಒಂದು ಗೋಲು ಅಹ್ಮದ್ ಖಾನರದು. ಬರಿಗಾಲಿನ ಯುಗ ಮುಗಿಯಲು ಕಾರಣವಾದದ್ದೂ ಅದೇ ಸೋಲು.

ಮೈಸೂರು ರಾಜ್ಯದ ತಂಡವು ರಾಷ್ಟ್ರೀಯ ಚಾಂಪಿಯನ್‌ಶಿಪ್ ಆದ ಸಂತೋಷ್ ಟ್ರೋಫಿಯನ್ನು 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದುಕೊಂಡಿತು. ಆದರೆ ಈ ಗೆಲುವುಗಳಿಗಿಂತಲೂ ತರಬೇತಿಯ ಚರಿತ್ರೆಗೆ ಹೆಚ್ಚು ಮಹತ್ವದ ಘಟನೆ ನಡೆದದ್ದು ನೆರೆಯ ಹೈದರಾಬಾದಿನಲ್ಲಿ. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಯಾವ ರಾಜ್ಯದ ಭಾಗವಾಗಿದ್ದವೋ ಆ ಹೈದರಾಬಾದಿನ ಶಾಲಾ ಶಿಕ್ಷಕ ಸೈಯದ್ ಅಬ್ದುಲ್ ರಹೀಮ್, ಫುಟ್‌ಬಾಲನ್ನು ಶಾಲಾ ಪಾಠದಂತೆ ಕ್ರಮವಾಗಿ ಕಲಿಸಬಹುದೆಂದು ತೋರಿಸಿಕೊಟ್ಟವರು. ಚೆಂಡನ್ನು ತಡೆದು ನಿಲ್ಲಿಸದೆ ಒಂದೇ ಸ್ಪರ್ಶದಲ್ಲಿ ಜೊತೆಗಾರನಿಗೆ ದಾಟಿಸುವುದನ್ನು ಅವರು ಅಭ್ಯಾಸ ಮಾಡಿಸಿದರು. ಡ್ರಿಬ್ಲಿಂಗ್ ಮಾಡುವಂತಿಲ್ಲವೆಂಬ ನಿಯಮದ ಪಂದ್ಯಾವಳಿಗಳನ್ನೂ, ರೂಢಿಯಿಲ್ಲದ ಕಾಲಿನಿಂದಲೇ ಒದೆಯಬೇಕೆಂಬ ನಿಯಮದ ಪಂದ್ಯಾವಳಿಗಳನ್ನೂ ಏರ್ಪಡಿಸಿದರು. ನಿಯಮವನ್ನೇ ಬದಲಿಸಿ ಆಟಗಾರನು ತಾನಾಗಿ ಸರಿಯಾದ ಅಭ್ಯಾಸಕ್ಕೆ ಬೀಳುವಂತೆ ಮಾಡುವ ಈ ಉಪಾಯವು, ಮಾತಿನಲ್ಲಿ ತಿದ್ದುವುದಕ್ಕಿಂತ ಎಷ್ಟೋ ಪಾಲು ಮೇಲಾದದ್ದು. ಅವರು ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಎಡೆಬಿಡದೆ ರೋವರ್ಸ್ ಕಪ್ ಗೆದ್ದಿತು. ಅವರು ಸಿದ್ಧಗೊಳಿಸಿದ ಭಾರತ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನೂ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನವನ್ನೂ ಪಡೆಯಿತು. ಮೆಲ್ಬರ್ನಿಗೆ ಹೋದವರಲ್ಲಿ ಬೆಂಗಳೂರಿನ ಕೆಂಪಯ್ಯ, ಜಕಾರ್ತಾದ ತಂಡದಲ್ಲಿ ಅರುಮೈನಾಯಗಂ ಇದ್ದರು ಎಂಬುದು ಕನ್ನಡನಾಡಿನ ಬಯಲುಗಳಿಗೂ ಆ ಶಿಕ್ಷಕನ ಪಾಠಕ್ಕೂ ಇದ್ದ ನಂಟನ್ನು ಸೂಚಿಸುತ್ತದೆ. 1963ರಲ್ಲಿ ರಹೀಮ್ ತೀರಿಕೊಂಡ ಮೇಲೆ ಭಾರತದ ಫುಟ್‌ಬಾಲ್ ಆ ಎತ್ತರವನ್ನು ಮತ್ತೆ ಮುಟ್ಟಲಿಲ್ಲ. ಒಬ್ಬ ಗುರುವಿನ ಆಯುಷ್ಯದೊಡನೆ ವಿದ್ಯೆ ಕುಸಿಯದಂತೆ ಕಾಪಾಡುವ ಏರ್ಪಾಡು ಬಳ್ಳಿಗಾವಿಯ ಮಠಕ್ಕೆ ಇದ್ದಂತೆ ಈ ಆಟಕ್ಕೆ ಇರಲಿಲ್ಲ.

ಸ್ವಾತಂತ್ರ್ಯದ ನಂತರ ಪಲ್ಟನ್ನುಗಳ ಜಾಗವನ್ನು ಬೆಂಗಳೂರಿನಲ್ಲಿ ಸಾರ್ವಜನಿಕ ಉದ್ಯಮಗಳು ತುಂಬಿದವು. ಎಚ್.ಎ.ಎಲ್., ಐ.ಟಿ.ಐ. ಮುಂತಾದ ಕಾರ್ಖಾನೆಗಳು ಆಟಗಾರರಿಗೆ ಸಂಬಳದ ಕೆಲಸ ಕೊಟ್ಟು, ಸಂಜೆ ಬಯಲಿಗೆ ಬಿಟ್ಟು, ತರಬೇತುದಾರರನ್ನು ನೇಮಿಸಿದ್ದರಿಂದ, 1977ರಲ್ಲಿ ಮೊದಲ ಬಾರಿಗೆ ನಡೆದ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಐ.ಟಿ.ಐ. ತಂಡ ಮೋಹನ್ ಬಗಾನ್ ತಂಡವನ್ನು ಸೋಲಿಸುವುದು ಸಾಧ್ಯವಾಯಿತು. ದಂಡು, ಚಿನ್ನದ ಗಣಿ, ಕಾರ್ಖಾನೆ, ರೈಲು ನಿಲ್ದಾಣ ಇವು ಎಲ್ಲಿದ್ದವೋ ಅಲ್ಲಿ ಈ ಆಟ ಬೇರೂರಿತೆಂಬುದು ಕರ್ನಾಟಕದ ನಕ್ಷೆಯನ್ನು ನೋಡಿದರೆ ತಿಳಿಯುವ ಮಾತು. ಶಿವಮೊಗ್ಗ ಜಿಲ್ಲೆಯೊಳಗೆ ಕಾರ್ಖಾನೆ ಬಂದದ್ದು ಭದ್ರಾವತಿಗೆ; 1923ರಲ್ಲಿ ಕಬ್ಬಿಣ ತಯಾರಿಕೆ ಆರಂಭವಾದ ಆ ಊರಿನಲ್ಲಿ ಪಾಳಿ ಮುಗಿಸಿದ ಕಾರ್ಮಿಕರಿಗೆ ಸಂಜೆಯ ಬಿಡುವೆಂಬುದು ಹುಟ್ಟಿತು. ರೈಲು ಶಿವಮೊಗ್ಗದಿಂದ ಆನಂದಪುರ, ಸಾಗರಗಳ ಮೂಲಕ ತಾಳಗುಪ್ಪಕ್ಕೆ ಹೋಯಿತೇ ಹೊರತು ಶಿಕಾರಿಪುರಕ್ಕಾಗಲಿ ಸೊರಬಕ್ಕಾಗಲಿ ಬರಲಿಲ್ಲ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗದ ಕೆಲಸ ಕೈಗೆತ್ತಿಕೊಂಡದ್ದು ಈಚಿನ ವರ್ಷಗಳಲ್ಲಿ. ಕುಮುದ್ವತಿ, ವರದಾ, ದಂಡಾವತಿ ನದಿಗಳ ನೀರನ್ನೂ ನೂರಾರು ಕೆರೆಗಳನ್ನೂ ನಂಬಿ ಭತ್ತ, ಅಡಿಕೆ, ಜೋಳ ಬೆಳೆಯುವ ಈ ಎರಡು ತಾಲ್ಲೂಕುಗಳಲ್ಲಿ ದಿನದ ಹೊತ್ತನ್ನು ಗೊತ್ತುಮಾಡುತ್ತಿದ್ದದ್ದು ಬೇಸಾಯ. ನಾಟಿಯ ಕಾಲದಲ್ಲಿಯೂ ಕೊಯ್ಲಿನ ಕಾಲದಲ್ಲಿಯೂ ಮನೆಯ ಮಕ್ಕಳಿಗೂ ಗದ್ದೆಯಲ್ಲಿ ಕೆಲಸವಿರುತ್ತಿದ್ದ ನಾಡಿನಲ್ಲಿ, ಇಪ್ಪತ್ತೆರಡು ಜನ ಪ್ರತಿ ಸಂಜೆ ಒಂದೇ ಬಯಲಿನಲ್ಲಿ ಸೇರುವ ಆಟ ತಾನಾಗಿ ಬೆಳೆಯುವ ಸಂಭವ ಕಡಿಮೆ.

ಆದುದರಿಂದ ಇಲ್ಲಿ ಆ ಆಟವನ್ನು ತಂದು ಕಲಿಸುವ ಹೊಣೆ ಪೂರ್ತಿಯಾಗಿ ಶಾಲೆಯ ಮೇಲೆ, ಅದರಲ್ಲಿಯೂ ಮೊದಲಿಗೆ ಡ್ರಿಲ್ ಮಾಸ್ತರೆಂದೂ ಆಮೇಲೆ ಪಿ.ಟಿ. ಮೇಷ್ಟರೆಂದೂ ಈಗ ದೈಹಿಕ ಶಿಕ್ಷಣ ಶಿಕ್ಷಕರೆಂದೂ ಕರೆಸಿಕೊಳ್ಳುವ ಒಬ್ಬ ನೌಕರನ ಮೇಲೆ ಬಿತ್ತು. ದಕ್ಷಿಣ ಭಾರತದಲ್ಲಿ ಈ ವೃತ್ತಿಗೆ ಕ್ರಮಬದ್ಧ ತರಬೇತಿ ಆರಂಭವಾದದ್ದು ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ ಶಿಕ್ಷಕರು 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದ ಮೇಲೆ. ಒಂದೊಂದು ಆಟಕ್ಕೇ ಮೀಸಲಾದ ತರಬೇತುದಾರರನ್ನು ಸಿದ್ಧಪಡಿಸಲು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಲ್ಲಿ ಬಂದಿತು. ಶಾಲೆಯ ದೈಹಿಕ ಶಿಕ್ಷಕರು ಕಬಡ್ಡಿ, ಖೊಖೊ, ವಾಲಿಬಾಲ್, ಥ್ರೋಬಾಲ್, ಓಟ, ಜಿಗಿತಗಳೆಲ್ಲವನ್ನೂ ಒಬ್ಬರೇ ಹೇಳಿಕೊಡಬೇಕಾಗಿದ್ದು, ಶಿರಾಳಕೊಪ್ಪ, ಆನವಟ್ಟಿ, ಜಡೆ, ಉಳವಿಯಂಥ ಊರುಗಳ ಶಾಲೆಗಳಲ್ಲಿ ಚಿಕ್ಕ ಅಂಗಳ ಸಾಕೆನ್ನುವ ಆಟಗಳಿಗೇ ಆದ್ಯತೆ ಸಿಗುವುದು ಸಹಜ. ಫುಟ್‌ಬಾಲಿಗೆ ಬೇಕಾದ ನೂರು ಮೀಟರ್ ಉದ್ದದ ಸಮತಟ್ಟು ಬಯಲು ತಾಲ್ಲೂಕು ಕೇಂದ್ರದ ಹೊರಗೆ ಸಿಗುವುದು ಕಷ್ಟ. ಇದರ ಮೇಲೆ ಮಳೆಯ ತೊಡಕು ಬೇರೆ: ಶಾಲೆ ತೆರೆಯುವ ಜೂನ್ ತಿಂಗಳಿಗೇ ಮುಂಗಾರು ಹಿಡಿದು, ವಲಯ ಮತ್ತು ತಾಲ್ಲೂಕು ಮಟ್ಟದ ಪಂದ್ಯಗಳಿಗೆ ಸಿದ್ಧವಾಗಬೇಕಾದ ತಿಂಗಳುಗಳಲ್ಲಿಯೇ ಬಯಲು ಕೆಸರಾಗಿರುತ್ತದೆ. ಹಳೆಯ ತೊಗಲಿನ ಚೆಂಡುಗಳಂತೂ ನೀರು ಹೀರಿ ಭಾರವಾಗಿ, ಬರಿಗಾಲಿನ ಮಕ್ಕಳು ಅವನ್ನು ತಡೆಯಲು ಅಂಜುವಂತಾಗುತ್ತಿತ್ತು. ಈಗಿನ ಸಂಶ್ಲೇಷಿತ ಹೊದಿಕೆಯ ಚೆಂಡುಗಳು ಆ ಒಂದು ಕಷ್ಟವನ್ನಾದರೂ ನೀಗಿಸಿವೆ.

ಇಂಥ ನೆಲದಲ್ಲಿ ಪಾಸಿಂಗ್ ಕಲಿಸುವುದೆಂದರೆ ಏನು ಎಂಬುದನ್ನು ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಈ ವಿವರಗಳಲ್ಲಿಯೇ ವಿದ್ಯೆಯಿದೆ. ಪಾಸಿಂಗಿನ ಮೊದಲ ಪಾಠ ಪಾದದ ಒಳಬದಿಯಿಂದ ಒದೆಯುವುದು: ಊರಿದ ಕಾಲು ಚೆಂಡಿನ ಪಕ್ಕದಲ್ಲಿ, ಬೆರಳುಗಳು ಚೆಂಡು ಹೋಗಬೇಕಾದ ದಿಕ್ಕನ್ನು ನೋಡುವಂತೆ ನಿಲ್ಲಬೇಕು, ಒದೆಯುವ ಕಾಲಿನ ಕಣಕಾಲು ಸಡಿಲಗೊಳ್ಳದಂತೆ ಬಿಗಿಯಾಗಿರಬೇಕು, ಚೆಂಡಿನ ನಡುಭಾಗಕ್ಕೆ ಪಾದ ತಾಗಿದರೆ ಅದು ನೆಲ ಬಿಡದೆ ಉರುಳುತ್ತದೆ, ಕೆಳಭಾಗಕ್ಕೆ ತಾಗಿದರೆ ಏಳುತ್ತದೆ. ಅಭ್ಯಾಸಕ್ಕೆ ಇನ್ನೂ ಹೆಚ್ಚು ಕಾಲ ಬೇಡುವುದು ಪಾಸಿನ ಹದ. ಮೆಲ್ಲಗಾದರೆ ಎದುರಾಳಿಯ ಪಾಲಾಗುವ, ಜೋರಾದರೆ ಜೊತೆಗಾರನ ಅಂಕೆ ತಪ್ಪುವ ಚೆಂಡಿಗೆ ಅಳತೆಗೋಲಿಲ್ಲದ್ದರಿಂದ, ಸಾವಿರ ಬಾರಿ ಒದ್ದೇ ಕಾಲು ಅದನ್ನು ಅರಿಯಬೇಕಾಗುತ್ತದೆ. ಬರಮಾಡಿಕೊಳ್ಳುವ ಕಡೆಯಲ್ಲಿ ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು, ಚೆಂಡು ತಾನಾಗಿ ಬಂದು ಮುಟ್ಟಲೆಂದು ಕಾಯುತ್ತ ನಿಲ್ಲುವುದು ಮತ್ತು ಕಾಲನ್ನು ಗೋಡೆಯಂತೆ ಬಿಗಿಹಿಡಿಯುವುದು. ಹಾಗೆ ಬಿಗಿಹಿಡಿದ ಕಾಲಿನಿಂದ ಚೆಂಡು ಪುಟಿದು ದೂರವಾಗುತ್ತದೆ. ಚೆಂಡಿನ ಎದುರಿಗೆ ಎರಡು ಹೆಜ್ಜೆ ಹೋಗಿ, ಅದು ತಾಗುವ ಕ್ಷಣದಲ್ಲಿ ಪಾದವನ್ನು ಸ್ವಲ್ಪ ಹಿಂದಕ್ಕೆಳೆದು ಅದರ ವೇಗವನ್ನು ನುಂಗಿಕೊಳ್ಳುವುದು ಸರಿಯಾದ ಕ್ರಮ. ಅನುಭವಿ ತರಬೇತುದಾರರು ಇದಕ್ಕಿಂತ ಮುಂದೆ ಹೋಗಿ, ಮೊದಲ ಸ್ಪರ್ಶದಲ್ಲಿಯೇ ಚೆಂಡನ್ನು ನಿಲ್ಲಿಸದೆ, ಮುಂದಿನ ಪಾಸಿಗೆ ಅನುಕೂಲವಾದ ಖಾಲಿ ಜಾಗದ ಕಡೆಗೆ ತಿರುಗಿಸಿಕೊಳ್ಳುವುದನ್ನು ಕಲಿಸುತ್ತಾರೆ. ಈ ಮೊದಲ ಸ್ಪರ್ಶಕ್ಕೆ ಫಸ್ಟ್ ಟಚ್ ಎಂಬ ಹೆಸರಿದೆ.

ಈ ಎಲ್ಲಕ್ಕೂ ಮೊದಲು ಕಣ್ಣಿನ ಕೆಲಸವಿದೆ. ಚೆಂಡು ಇನ್ನೂ ದಾರಿಯಲ್ಲಿರುವಾಗಲೇ ಆಟಗಾರ ಹೆಗಲ ಮೇಲಿಂದ ತಿರುಗಿ ಹಿಂದೆ ಯಾರಿದ್ದಾರೆ, ಎಡೆ ಎಲ್ಲಿದೆ ಎಂದು ನೋಡಿಕೊಳ್ಳುವುದಕ್ಕೆ ಸ್ಕ್ಯಾನಿಂಗ್ ಎನ್ನುತ್ತಾರೆ. ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಇಂಗ್ಲಿಷ್ ಪ್ರೀಮಿಯರ್ ಲೀಗಿನ ನಡುಪಡೆ ಆಟಗಾರರನ್ನು ಅಧ್ಯಯನ ಮಾಡಿ, ಹೀಗೆ ಪದೇ ಪದೇ ತಿರುಗಿ ನೋಡುವವರ ಪಾಸುಗಳು ಹೆಚ್ಚು ಸಫಲವಾಗುತ್ತವೆಂದು ತೋರಿಸಿದ್ದಾರೆ. ಕೆರೆಯ ತೂಬಿನ ಬಳಿ ನಿಂತು, ಯಾವ ಗದ್ದೆ ಒಣಗಿದೆ, ಯಾವ ಕಾಲುವೆಗೆ ಎಷ್ಟು ನೀರು ಬಿಡಬೇಕೆಂದು ಮೊದಲೇ ನೋಡಿಟ್ಟುಕೊಂಡಿರುವ ಹಳ್ಳಿಯ ನೀರುಗಂಟಿಯಂತೆ ನಡುಪಡೆಯವನು ಕೆಲಸ ಮಾಡಬೇಕಾಗುತ್ತದೆ. ಈ ನೋಟವನ್ನು ಕಲಿಸಲು ದುಬಾರಿ ಸಲಕರಣೆ ಬೇಡ. ಚೆಂಡು ಬರುವ ಮೊದಲು ಬೆನ್ನ ಹಿಂದೆ ಎತ್ತಿ ಹಿಡಿದ ಬೆರಳುಗಳೆಷ್ಟೆಂದು ಕೂಗಿ ಹೇಳಿಸುವ ಸರಳ ಅಭ್ಯಾಸ ಸಾಕು. ಕಲ್ಲು, ಕೂಳೆಗಳಿಂದ ಏರುಪೇರಾದ ಬಯಲಿನಲ್ಲಿ ಮಾತ್ರ ಹುಡುಗನ ಕಣ್ಣು ಚೆಂಡನ್ನು ಬಿಟ್ಟು ಮೇಲೇಳುವುದೇ ಇಲ್ಲ, ಏಕೆಂದರೆ ಕೊನೆಯ ಕ್ಷಣದಲ್ಲಿ ಚೆಂಡು ಎತ್ತ ಪುಟಿಯುವುದೋ ಎಂಬ ಆತಂಕ ಅವನಿಗಿರುತ್ತದೆ. ಕೆಟ್ಟ ನೆಲ ಕಾಲನ್ನು ಕೆಡಿಸುವುದಕ್ಕಿಂತ ಹೆಚ್ಚಾಗಿ ನೋಟವನ್ನು ಕೆಡಿಸುತ್ತದೆಂಬುದನ್ನು ಬಯಲುಗಳಿಗೆ ಹಣ ಮಂಜೂರು ಮಾಡುವವರು ತಿಳಿಯಬೇಕು. ನಾಲ್ಕೈದು ಜನ ವೃತ್ತವಾಗಿ ನಿಂತು, ನಡುವಿನ ಒಬ್ಬಿಬ್ಬರಿಗೆ ಸಿಗದಂತೆ ಚೆಂಡನ್ನು ದಾಟಿಸುತ್ತಿರುವ ರೊಂಡೊ ಎಂಬ ಅಭ್ಯಾಸ ಸ್ಪೇನಿನಿಂದ ಹೊರಟು ಲೋಕದ ಎಲ್ಲೆಡೆ ಹರಡಿದೆ. ಅದಕ್ಕೆ ಶಾಲೆಯ ಪ್ರಾರ್ಥನಾ ಅಂಗಳದ ಒಂದು ಮೂಲೆಯೇ ಸಾಲುವುದರಿಂದ, ದೊಡ್ಡ ಬಯಲಿಲ್ಲದ ತಾಲ್ಲೂಕುಗಳಿಗೆ ಇದರಷ್ಟು ಒಗ್ಗುವ ಪಾಠ ಇನ್ನೊಂದಿಲ್ಲ.

ಸ್ಪೇನಿನ ಈ ಕ್ರಮ ಕರ್ನಾಟಕಕ್ಕೆ ನೇರವಾಗಿ ಬಂದದ್ದು 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್.ಸಿ. ಮೂಲಕ. ಬಾರ್ಸೆಲೋನಾ ತಂಡದಲ್ಲಿ ಸಹಾಯಕ ತರಬೇತುದಾರರಾಗಿದ್ದ ಆಲ್ಬರ್ಟ್ ರೋಕಾ 2016ರಲ್ಲಿ ಬಂದಾಗ ಬೆಂಗಳೂರು ತಂಡ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿದ ಮೊದಲ ಭಾರತೀಯ ತಂಡವಾಯಿತು. ಅವರ ತರುವಾಯ ಬಂದ ಕಾರ್ಲ್ಸ್ ಕ್ವಾಡ್ರಾಟ್ ಕಾಲದಲ್ಲಿ, 2018–19ರಲ್ಲಿ, ಅದು ಇಂಡಿಯನ್ ಸೂಪರ್ ಲೀಗ್ ಗೆದ್ದಿತು. 2023ರ ಮಾರ್ಚ್ 4ರಂದು ರಿಯಾದ್ ನಗರದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದ ಕರ್ನಾಟಕ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮರಳಿ ಪಡೆಯಿತು. ಈ ಪಂದ್ಯಗಳು ಈಗ ಶಿಕಾರಿಪುರದ ಮನೆಯಲ್ಲಿಯೂ ಸೊರಬದ ಮನೆಯಲ್ಲಿಯೂ ಫೋನಿನ ಪರದೆಯ ಮೇಲೆ ಕಾಣುತ್ತವೆ, ಮತ್ತು ಕಾಣುವುದರಿಂದ ಆಸೆ ಹುಟ್ಟುತ್ತದೆ. ಆಸೆಯನ್ನು ವಿದ್ಯೆಯಾಗಿ ತಿರುಗಿಸಲು ಇರುವ ಹೊಸ ದಾರಿಯೆಂದರೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಪರವಾನಗಿ ಪದ್ಧತಿ. ಅದರ ಪ್ರಕಾರ ಡಿ ದರ್ಜೆಯಿಂದ ಆರಂಭಿಸಿ ಸಿ, ಬಿ, ಎ ಎಂದು ಏರುವ ತರಬೇತುದಾರನು ವಯಸ್ಸಿಗೆ ತಕ್ಕಂತೆ ಮಕ್ಕಳಿಗೆ ಯಾವುದನ್ನು ಯಾವಾಗ ಕಲಿಸಬೇಕೆಂಬ ಪಾಠವನ್ನು ತಾನೇ ಮೊದಲು ಕಲಿಯುತ್ತಾನೆ. 2018ರಲ್ಲಿ ಒಕ್ಕೂಟ ಆರಂಭಿಸಿದ ಬೇಬಿ ಲೀಗ್ ಎಂಬ ಮಕ್ಕಳ ಪಂದ್ಯಾವಳಿಯು ಆರರಿಂದ ಹದಿಮೂರರ ವಯಸ್ಸಿನವರಿಗೆ ಚಿಕ್ಕ ಅಂಕಣ, ಕಡಿಮೆ ಆಟಗಾರರ ತಂಡ, ಚಿಕ್ಕ ಚೆಂಡುಗಳನ್ನು ಗೊತ್ತುಮಾಡಿದ್ದರ ಉದ್ದೇಶ, ಪ್ರತಿ ಮಗುವಿನ ಕಾಲಿಗೂ ಚೆಂಡು ಹೆಚ್ಚು ಬಾರಿ ಬರಬೇಕೆಂಬುದಾಗಿತ್ತು.

ಹೊಸಬಗೆಯ ಈ ಏರ್ಪಾಡುಗಳಿಗೆ ಕಾರ್ಖಾನೆಯಾಗಲಿ ದಂಡಾಗಲಿ ರೈಲಾಗಲಿ ಬೇಕಿಲ್ಲವೆಂಬುದು ಶಿಕಾರಿಪುರ ಸೊರಬಗಳ ಮಟ್ಟಿಗೆ ದೊಡ್ಡ ಸಂಗತಿ. ಐದೈದು ಮಕ್ಕಳ ಆಟಕ್ಕೆ ಬೇಕಾದಷ್ಟು ಜಾಗ ಈ ತಾಲ್ಲೂಕುಗಳ ಪ್ರೌಢಶಾಲೆಯ ಅಂಗಳದಲ್ಲಿ ಸಿಗುತ್ತದೆ. ಭತ್ತದ ಕೊಯ್ಲು ಮುಗಿದ ಜನವರಿಯಿಂದ ಮಾರ್ಚಿಯವರೆಗೆ, ಕೂಳೆ ಕಿತ್ತು ಮಟ್ಟಮಾಡಿದ ಒಂದು ಗದ್ದೆ ಇದ್ದರೆ ಮಳೆಗಾಲದಲ್ಲಿ ಕೈತಪ್ಪಿದ ಅಭ್ಯಾಸವನ್ನು ಬೇಸಿಗೆಯ ಮೊದಲೇ ತುಂಬಿಕೊಳ್ಳಬಹುದು. ಮಳೆ ಹಿಡಿದ ತಿಂಗಳುಗಳಲ್ಲಿ ಶಾಲೆಯ ಪಡಸಾಲೆಯ ಗೋಡೆಗೆ ಚೆಂಡನ್ನು ಒಳಪಾದದಿಂದ ಒದ್ದು, ಮರಳಿ ಬಂದದ್ದನ್ನು ಎಡಗಾಲಿನಿಂದೊಮ್ಮೆ ಬಲಗಾಲಿನಿಂದೊಮ್ಮೆ ಬರಮಾಡಿಕೊಳ್ಳುವ ಅಭ್ಯಾಸಕ್ಕೆ ಒಂದು ಚೆಂಡು, ಒಂದು ಗೋಡೆ, ಎಣಿಸಿ ತಿದ್ದುವ ಒಬ್ಬ ಶಿಕ್ಷಕ ಸಾಕು. ಇವುಗಳಲ್ಲಿ ಕೊನೆಯದನ್ನು ಒದಗಿಸುವುದು ಸರ್ಕಾರದ ನೇಮಕಾತಿಗೆ ಸೇರಿದ ವಿಷಯ. ಬಳ್ಳಿಗಾವಿಯ ಶಾಸನವು ಗುರುವಿನ ಜೀವನಕ್ಕೆ ಭೂಮಿಯನ್ನು ಕಾಯಂ ಮಾಡಿದಂತೆ ಪ್ರತಿ ಶಾಲೆಯಲ್ಲಿಯೂ ದೈಹಿಕ ಶಿಕ್ಷಕರ ಹುದ್ದೆಯನ್ನು ಕಾಯಂ ಮಾಡಿ, ಅವರಲ್ಲಿ ಕೆಲವರನ್ನಾದರೂ ಡಿ ದರ್ಜೆಯ ಪರವಾನಗಿಗೆ ಕಳುಹಿಸಿದರೆ, ತಾಲ್ಲೂಕು ಪಂದ್ಯಗಳಿಗೆ ಮುಂಚಿನ ಕೆಲವೇ ವಾರಗಳಿಗೆ ಸೀಮಿತವಾಗಿರುವ ಅಭ್ಯಾಸವು ವರ್ಷವಿಡೀ ನಡೆಯುವ ಪಾಠವಾಗುತ್ತದೆ.